ವಾರಾಂತ್ಯದ ದ್ರಾಕ್ಷಿತೋಟ: ನಂದಿಯ ತಪ್ಪಲೋ, ನಾಸಿಕವೋ?

ಬೆಂಗಳೂರಿನಲ್ಲಿದ್ದು ಎರಡೇ ದಿನ ಬಿಡುವಿರುವವರಿಗೆ ದೊಡ್ಡಬಳ್ಳಾಪುರದ ಕಡೆಯ ದ್ರಾಕ್ಷಿತೋಟಗಳೇ ಸೂಕ್ತವೆಂದು ನನ್ನ ಅನಿಸಿಕೆ. ನಗರದಿಂದ ಸುಮಾರು 40 ಕಿ.ಮೀ. ದೂರದಲ್ಲಿ, 1988ರಲ್ಲಿ ಆರಂಭವಾದ ಗ್ರೋವರ್ ತೋಟವು ಫ್ರಾನ್ಸಿನ ತಳಿಗಳನ್ನು ನಮ್ಮ ಕೆಂಪು ಮಣ್ಣಿಗೆ ಒಗ್ಗಿಸಿದ ಮೊದಲಿಗರ ಸಾಲಿಗೆ ಸೇರುತ್ತದೆ. ಕ್ಯಾಬರ್ನೆ ಸುವಿನ್ಯೋನ್, ಶಿರಾಜ್‌ಗಳಿಂದಾಗುವ ಕೆಂಪು ವೈನ್ ಇಲ್ಲಿಯ ಹೆಮ್ಮೆ. ಬೆಳಿಗ್ಗೆ ಭೋಗನಂದೀಶ್ವರನ ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು, ಅನಂತರ ತೋಟಕ್ಕೆ ಹೋಗಿ, ಸಂಜೆಗೆ ಮನೆ ಸೇರಬಹುದಾದ ಸೌಕರ್ಯ ನಾಸಿಕದಲ್ಲಿಲ್ಲ.

ಆದರೆ ವೈನನ್ನೇ ಮುಖ್ಯ ಉದ್ದೇಶವಾಗಿಟ್ಟುಕೊಂಡವರು ನಾಸಿಕಕ್ಕೇ ಹೋಗಬೇಕು. 1999ರಲ್ಲಿ ಸ್ಥಾಪನೆಯಾದ ಸುಲಾ ಮತ್ತು ಅದರ ಸುತ್ತ ಬೆಳೆದ ಅನೇಕ ತಯಾರಿಕಾ ಘಟಕಗಳಿಂದಾಗಿ, ಒಂದೇ ದಿನ ಹಲವು ಕೈಗಳ ರುಚಿಯನ್ನು ಹೋಲಿಸಿ ನೋಡುವ ಅವಕಾಶ ಅಲ್ಲಿದೆ. ಗಂಗಾಪುರ ಜಲಾಶಯದ ಬಳಿ ತೋಟದ ನಡುವೆಯೇ ತಂಗಲೂಬಹುದು. ಶೆನಿನ್ ಬ್ಲಾಂಕ್‌ನಂತಹ ಬಿಳಿ ವೈನ್ ಇಷ್ಟಪಡುವವರಿಗೆ ಅದು ಇನ್ನೂ ಹತ್ತಿರವಾಗುತ್ತದೆ. ಮುಂಬಯಿ ಕನ್ನಡಿಗರಿಗೆ ಸುಮಾರು 170 ಕಿ.ಮೀ.ಯ ರಸ್ತೆ ಪ್ರಯಾಣ ಸಾಕು. ಬೆಂಗಳೂರಿನವರಿಗೆ ವಿಮಾನ ಅನಿವಾರ್ಯ.

ಎರಡೂ ಕಡೆ ಕಾಲವನ್ನು ನೋಡಿಕೊಂಡೇ ಹೊರಡಬೇಕು. ದಖ್ಖನ್ನಿನಲ್ಲಿ ಬಳ್ಳಿಗೆ ಯುರೋಪಿನಂತೆ ಚಳಿಗಾಲದ ನಿದ್ರೆಯಿಲ್ಲದ ಕಾರಣ ವರ್ಷಕ್ಕೆ ಎರಡು ಬಾರಿ ಸವರಿ, ಒಂದೇ ಫಸಲು ತೆಗೆಯುತ್ತಾರೆ. ಗೊಂಚಲು ತುಂಬಿದ ಬಳ್ಳಿಗಳನ್ನು ಕಾಣಬೇಕೆಂದರೆ ಫೆಬ್ರುವರಿಯಲ್ಲಿ ಹೋಗಿ. ಮಳೆಗಾಲದಲ್ಲಿ ಹಸಿರು ಕಾಣುತ್ತದೆ, ಹಣ್ಣು ಕಾಣದು. ವಾಹನ ನಡೆಸುವವರೊಬ್ಬರು ರುಚಿ ನೋಡದೆ ಉಳಿಯಲಿ, ಇಲ್ಲವೇ ಬಾಡಿಗೆ ಕಾರು ಗೊತ್ತುಮಾಡಿ.