ಬೊಲೆರೊಗೆ ಎರಡನೇ ಬ್ಯಾಟರಿ: ಲಸಿಕೆ ಫ್ರಿಜ್ ಓಡಿಸಿದ ಅನುಭವ

ನಾನು ಪಶುವೈದ್ಯ, ತೀರ್ಥಹಳ್ಳಿ ಸುತ್ತಮುತ್ತ ನನ್ನ ಓಡಾಟ. ಬೊಲೆರೊ ಹಿಂಭಾಗದಲ್ಲಿ 12 ವೋಲ್ಟ್‌ನ ಕಂಪ್ರೆಸರ್ ಫ್ರಿಜ್ ಇಟ್ಟಿದ್ದೇನೆ. ಅದಕ್ಕೆಂದೇ 100 ಎಎಚ್ (ಆಂಪಿಯರ್-ಅವರ್, ಅಂದರೆ 1 ಆಂಪಿಯರ್‌ನಂತೆ 100 ಗಂಟೆ ಕೊಡುವಷ್ಟು) ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಮತ್ತು ಇಂಜಿನ್ ಓಡುವಾಗ ಅದನ್ನು ತುಂಬಿಸುವ ವಿಕ್ಟ್ರಾನ್ ಓರಿಯನ್ 30 ಆಂಪಿಯರ್ ಡಿಸಿ-ಡಿಸಿ ಚಾರ್ಜರ್ ಹಾಕಿಸಿದೆ. ಕೆಲವು ಮಳೆಗಾಲ ದಾಟಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಕಾಲುಬಾಯಿ ಜ್ವರದ ಲಸಿಕೆ 2ರಿಂದ 8 ಡಿಗ್ರಿ ಒಳಗೇ ಇರಬೇಕು. ಬಿಸಿಯಾದರೂ ಕೆಟ್ಟಿತು, ಮಂಜುಗಡ್ಡೆ ಕಟ್ಟಿದರೂ ಕೆಟ್ಟಿತು. ಐಸ್ ಬಾಕ್ಸ್‌ನಲ್ಲಿ ಎರಡೂ ಭಯ ಇದೆ. (ಕೃತಕ ಗರ್ಭಧಾರಣೆಯ ಸೆಮೆನ್ ಸ್ಟ್ರಾಗಳಿಗೆ ಲಿಕ್ವಿಡ್ ನೈಟ್ರೋಜನ್ ಕ್ಯಾನ್ ಇದೆ, ಅದಕ್ಕೆ ಕರೆಂಟ್ ಬೇಡ.) ಗಾಡಿಯ ಮೂಲ ಬ್ಯಾಟರಿಯಿಂದಲೇ ರಾತ್ರಿಯಿಡೀ ಫ್ರಿಜ್ ಓಡಿಸೋಣ ಅಂದರೆ, ನಡುರಾತ್ರಿ ಯಾರೋ ಫೋನ್ ಮಾಡಿ "ಡಾಕ್ಟ್ರೇ, ಕರು ಅಡ್ಡ ಸಿಕ್ಕಿಕೊಂಡಿದೆ, ಬೇಗ ಬನ್ನಿ" ಅಂದಾಗ ಗಾಡಿ ಸ್ಟಾರ್ಟ್ ಆಗಲೇಬೇಕು, ಅಲ್ವಾ? ಎರಡು ಬ್ಯಾಟರಿ ಬೇರೆ ಬೇರೆ ಇರಬೇಕಾದದ್ದು ಅದಕ್ಕೇ.

ಲೆಕ್ಕ ಸುಲಭ. ಕಂಪ್ರೆಸರ್ ಓಡುವಾಗ ಸುಮಾರು 4 ಆಂಪಿಯರ್ ಎಳೆಯುತ್ತದೆ, ಆದರೆ ಗಂಟೆಯಲ್ಲಿ ಮೂರನೇ ಒಂದು ಭಾಗ ಮಾತ್ರ ಓಡುತ್ತದೆ. ದಿನಕ್ಕೆ 30-35 ಎಎಚ್ ಅಂದುಕೊಳ್ಳಿ. ಚಾರ್ಜರ್ ಗಂಟೆಗೆ 30 ಕೊಡುತ್ತದೆ. ನಾನು ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಹತ್ತು-ಇಪ್ಪತ್ತು ನಿಮಿಷ ಓಡಿಸುವವನು, ಎಲ್ಲ ಸೇರಿ ಒಂದೂಕಾಲು ಗಂಟೆ ಇಂಜಿನ್ ಓಡಿದರೆ ಅವತ್ತಿನ ಖರ್ಚು ತುಂಬಿತು. ಸೋಲಾರ್ ಹಾಕಿ ಅಂತ ತುಂಬಾ ಜನ ಹೇಳಿದರು. ಆಷಾಢದ ಮಳೆಯಲ್ಲಿ ಆಗುಂಬೆ ಕಡೆ ಒಮ್ಮೆ ಬಂದು ನೋಡಲಿ.

ಕಡಿಮೆ ಖರ್ಚಿನ ದಾರಿ ಅಂದರೆ ವೋಲ್ಟೇಜ್ ನೋಡಿ ಎರಡೂ ಬ್ಯಾಟರಿ ಸೇರಿಸುವ ರಿಲೇ, ಅಂದರೆ ತಾನಾಗಿಯೇ ಆನ್-ಆಫ್ ಆಗುವ ಸ್ವಿಚ್. ಹಳೆ ಗಾಡಿ, ಲೆಡ್ ಆಸಿಡ್ ಬ್ಯಾಟರಿ ಆದರೆ ಅದು ಸಾಕು. ಲಿಥಿಯಂಗೆ ಬೇಡ. ಅದು ಸಿಕ್ಕಷ್ಟು ಕರೆಂಟ್ ಎಳೆದುಕೊಳ್ಳುತ್ತದೆ, ಐಡ್ಲಿಂಗ್‌ನಲ್ಲಿ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಕರೆಂಟ್ ತಯಾರಿಸುವ ಭಾಗ) ಕಾದು ಹೋಗುತ್ತದೆ. ಈಗಿನ ಸ್ಮಾರ್ಟ್ ಆಲ್ಟರ್ನೇಟರ್ ಗಾಡಿಗಳಲ್ಲಂತೂ ವೋಲ್ಟೇಜ್ ಆಗಾಗ ಇಳಿಯುವುದರಿಂದ ರಿಲೇ ಕೈಕೊಡುತ್ತದೆ.

ಇನ್ನು ವೈರಿಂಗ್. ನನ್ನ ಸಿಟ್ಟೆಲ್ಲ ಇಲ್ಲೇ. ಫಿಟ್ಟಿಂಗ್ ಮಾಡಿದ ಅಂಗಡಿಯವರು ಮುಂದಿನಿಂದ ಹಿಂದಕ್ಕೆ 6 ಸ್ಕ್ವೇರ್ ಎಂಎಂ ವೈರ್ ಎಳೆದು, ಒಂದೇ ಒಂದು ಫ್ಯೂಸ್ ಹಾಕಿ, ಅದನ್ನೂ ಹಿಂದಿನ ತುದಿಯಲ್ಲಿ ಕೂರಿಸಿ ಕೊಟ್ಟರು. ಬ್ಯಾಟರಿ ಪೂರ್ತಿ ತುಂಬುತ್ತಲೇ ಇರಲಿಲ್ಲ. ನಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ ಇಂಜಿನ್ ಓಡುತ್ತಿದ್ದಾಗಲೇ ಮಲ್ಟಿಮೀಟರ್ ಹಿಡಿದರು: ಮುಂದೆ 14.2, ಚಾರ್ಜರ್ ಹತ್ತಿರ 13.2. ಪೂರಾ ಒಂದು ವೋಲ್ಟ್ ದಾರಿಯಲ್ಲೇ ಹೋಗುತ್ತಿತ್ತು, ಚಾರ್ಜರ್ ಇಂಜಿನ್ ನಿಂತಿದೆ ಅಂದುಕೊಂಡು ಆಗಾಗ ಆಫ್ ಆಗುತ್ತಿತ್ತು. ವೈರ್ ಮುಟ್ಟಿದರೆ ಬೆಚ್ಚಗೆ. 16 ಸ್ಕ್ವೇರ್ ಎಂಎಂ ಹಾಕಿ, ಎರಡೂ ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಒಂದೊಂದು ಫ್ಯೂಸ್ ಕೊಟ್ಟು, ಇಲಿ ಕಡಿಯದಂತೆ ಕಬ್ಬಿಣದ ಫ್ಲೆಕ್ಸಿಬಲ್ ಪೈಪ್‌ನಲ್ಲಿ ತೂರಿಸಿದ ಮೇಲೆ ಹಿಂದೆ 13.8 ಬಂತು. ಅವತ್ತಿಂದ ತಕರಾರಿಲ್ಲ. ಮುಂದಿನ ಫ್ಯೂಸ್ ಇಲ್ಲದೆ ಆ ವೈರ್ ಎಲ್ಲಾದರೂ ಗಾಡಿಯ ಲೋಹದ ಮೈಗೆ ಉಜ್ಜಿದ್ದರೆ ಗಾಡಿಗೇ ಬೆಂಕಿ. ಬ್ಯಾಟರಿ ಸೈಜ್ ಬೇಕಾದರೆ ಕಡಿಮೆ ಮಾಡಿ, ಕೇಬಲ್ ಮತ್ತು ಫ್ಯೂಸ್‌ನಲ್ಲಿ ದುಡ್ಡು ಉಳಿಸಬೇಡಿ.

ಚಾರ್ಜರ್ 40 ಡಿಗ್ರಿ ದಾಟಿದರೆ ಕರೆಂಟ್ ಇಳಿಸುತ್ತದೆ ಅಂತ ಕಂಪನಿಯವರೇ ಬರೆದಿದ್ದಾರೆ. ಹಾಗಾಗಿ ಸುತ್ತ ಗಾಳಿ ಆಡುವ ಜಾಗ ಬೇಕು. ಲಿಥಿಯಂ ಬ್ಯಾಟರಿಯನ್ನು ಬಾನೆಟ್ ಒಳಗೆ ಇಡಲೇಬೇಡಿ. ನನ್ನದು ಸೀಟಿನ ಹಿಂದೆ ಇದೆ. ತೂಕ 12 ಕೆಜಿ ಆಸುಪಾಸು, ಇದೇ ಸೈಜಿನ ಲೆಡ್ ಆಸಿಡ್ ಇದರ ಎರಡರಷ್ಟು ಭಾರ, ಅದರಲ್ಲಿ ಅರ್ಧ ಮಾತ್ರ ಬಳಸಬಹುದು.

ಇನ್ನೊಂದು ವಿಷಯ, ಎಷ್ಟು ಚಾರ್ಜ್ ಉಳಿದಿದೆ ಅಂತ ವೋಲ್ಟ್ ಮೀಟರ್ ನೋಡಿ ತಿಳಿಯಲ್ಲ. ಲಿಥಿಯಂ ಮುಕ್ಕಾಲು ಇದ್ದಾಗಲೂ, ಅರ್ಧಕ್ಕೆ ಬಂದಾಗಲೂ 13.1, 13.2 ಅಂತಲೇ ತೋರಿಸುತ್ತದೆ, ಆಮೇಲೆ ಕೊನೆಯಲ್ಲಿ ದಡಕ್ಕನೆ ಇಳಿದು ಕಟ್ ಆಗುತ್ತದೆ. ಶಂಟ್ ಇರುವ ಮೀಟರ್ ಹಾಕಿಸಿ. ಒಳಗೆ ಹೋದ ಆಂಪಿಯರ್, ಹೊರಗೆ ಬಂದ ಆಂಪಿಯರ್ ಎರಡನ್ನೂ ಅದು ಎಣಿಸುತ್ತದೆ. ರಾತ್ರಿ ಮಲಗುವಾಗ ಅದರಲ್ಲಿ 40 ಎಎಚ್‌ಗಿಂತ ಜಾಸ್ತಿ ಕಂಡರೆ ಬೆಳಿಗ್ಗೆವರೆಗೆ ಲಸಿಕೆಗೆ ಏನೂ ಆಗಲ್ಲ.