ಸರ್ಕಾರಿ ಆಸ್ಪತ್ರೆಯ ಆಯುಷ್ ವಿಭಾಗದಲ್ಲಿ ಆರು ವಾರ

ಮಂಡಿನೋವಿನಿಂದ ಮೆಟ್ಟಿಲು ಹತ್ತಲಾಗದಂತಾಗಿದ್ದ ನನ್ನ ತಾಯಿಯನ್ನು ತುಮಕೂರು ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರ ಆಯುಷ್ (ಆಯುರ್ವೇದ, ಯೋಗ, ಯುನಾನಿ, ಸಿದ್ಧ, ಹೋಮಿಯೋಪಥಿ ಮುಂತಾದ ಪದ್ಧತಿಗಳ) ವಿಭಾಗದಲ್ಲಿ ಆರು ವಾರ ತೋರಿಸಿದೆ. ಮೊದಲ ದಿನವೇ ವೈದ್ಯರು ಊಟ, ನಿದ್ದೆಗಳ ಜೊತೆಗೆ ಅಮ್ಮ ನುಂಗುತ್ತಿರುವ ಮಾತ್ರೆಗಳನ್ನೂ ಒಂದೊಂದಾಗಿ ಕೇಳಿ ಬರೆದುಕೊಂಡು, "ಶುಗರ್, ಬಿಪಿ ಮಾತ್ರೆ ನಿಲ್ಲಿಸಬೇಡಿ ಅಮ್ಮಾ, ನನ್ನನ್ನು ಕೇಳದೆ ಹೊರಗಿನ ಭಸ್ಮ ತಗೋಬೇಡಿ" ಎಂದರು. ಹೆಸರು, ವಿಳಾಸವಿಲ್ಲದ ಪುಡಿಗಳನ್ನು ನಂಬಿ ಮಾತ್ರೆ ಬಿಟ್ಟವರನ್ನು ಕಂಡಿರುವ ನನಗೆ ಈ ಎಚ್ಚರಿಕೆಯೇ ದೊಡ್ಡದಾಗಿ ಕಂಡಿತು.

ಉದ್ದಿನ ಹಿಟ್ಟನ್ನು ಗಟ್ಟಿಯಾಗಿ ಕಲಸಿ ಮಂಡಿಯ ಸುತ್ತ ಕಟ್ಟೆ ಕಟ್ಟಿ, ಒಳಗೆ ಬೆಚ್ಚಗಿನ ತೈಲ ತುಂಬಿ, ಆರಿದಂತೆಲ್ಲ ತೆಗೆದು ಬಿಸಿ ಮಾಡಿ ಮತ್ತೆ ಹುಯ್ಯುವ ಜಾನುಬಸ್ತಿಯನ್ನು ಸಿಬ್ಬಂದಿ ಬಹಳ ತಾಳ್ಮೆಯಿಂದ ಮಾಡಿದರು. ನೋವು ಪೂರ್ತಿ ಹೋಗಿಲ್ಲ, ಆದರೆ ಬೆಳಗಿನ ಬಿಗಿತ ಇಳಿದು, ಈಗ ಅಮ್ಮ ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಾರೆ. ವ್ಯಾಯಾಮವನ್ನೂ ಮಾಡಿಸುತ್ತಿದ್ದುದರಿಂದ ಯಾವುದರಿಂದ ಎಷ್ಟು ಗುಣವಾಯಿತೆಂದು ಬೇರ್ಪಡಿಸಿ ಹೇಳಲಾರೆ.

ಮೂರನೆಯ ವಾರ ಆಸ್ಪತ್ರೆಯಲ್ಲಿ ಯೋಗರಾಜ ಗುಗ್ಗುಳು ಎಂಬ ಕೀಲುನೋವಿನ ಆಯುರ್ವೇದ ಔಷಧಿ ಮುಗಿದುಹೋಗಿ, ಅದನ್ನು ಹೊರಗೆ ಕೊಳ್ಳಬೇಕಾಯಿತು. ಸಿದ್ಧರಬೆಟ್ಟದಂತಹ, ಗಿಡಮೂಲಿಕೆಗೆ ಹೆಸರಾದ ಬೆಟ್ಟವಿರುವ ಜಿಲ್ಲೆಯಲ್ಲಿ ಬಡರೋಗಿಯೊಬ್ಬರು ಗುಗ್ಗುಳಿಗಾಗಿ ಅಂಗಡಿ ಸುತ್ತುವುದು ನೋಡಲು ಕಷ್ಟವಾಗುತ್ತದೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಚೀಟಿಗಳ ವಿಷಯ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಆಯುಷ್ ಅಭಿಯಾನವು ಪ್ರಾಥಮಿಕ, ಸಮುದಾಯ ಮತ್ತು ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿಯೇ ಆಯುಷ್ ಸೇವೆಯನ್ನು ಒಂದೇ ಸೂರಿನಡಿ ಕೊಡಬೇಕೆಂದಿತು. 2017ರ ರಾಷ್ಟ್ರೀಯ ಆರೋಗ್ಯ ನೀತಿಯೂ ಈ ಪದ್ಧತಿಗಳನ್ನು ಸಾರ್ವಜನಿಕ ಆರೋಗ್ಯ ಸೇವೆಯ ಮುಖ್ಯವಾಹಿನಿಗೆ ತರುವ ಮಾತನಾಡಿತು. ಸೂರು ಒಂದಾಗಿದೆ, ಚೀಟಿ ಒಂದಾಗಿಲ್ಲ. ಎದುರು ಕೊಠಡಿಯ ಅಲೋಪಥಿ ವೈದ್ಯರಿಗೆ ಅಮ್ಮನಿಗೆ ಯಾವ ಕಷಾಯ ಕೊಟ್ಟಿದ್ದಾರೆಂಬುದು ನಾನೇ ಹೇಳಿದ ಮೇಲೆ ಗೊತ್ತಾಯಿತು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವ, ಮೂತ್ರಪಿಂಡ ದುರ್ಬಲವಾಗಿರುವ ವೃದ್ಧರಿಗೆ ಈ ಅಂತರ ಅಪಾಯಕಾರಿಯಾಗಬಹುದು. ಒಬ್ಬ ರೋಗಿಗೆ ಒಂದೇ ದಾಖಲೆ ಪುಸ್ತಕ ಕೊಟ್ಟು, ಇಬ್ಬರು ವೈದ್ಯರೂ ಅದರಲ್ಲಿಯೇ ಬರೆಯುವಂತೆ ಮಾಡುವುದು ಹೊಸ ಕಟ್ಟಡಕ್ಕಿಂತ ತುರ್ತಿನ ಕೆಲಸವೆಂದು ನನಗನಿಸುತ್ತದೆ.

ಈ ವಿಭಾಗಕ್ಕೆ ಹೋಗುವವರಿಗೆ ನಾನು ಧೈರ್ಯವಾಗಿ ಹೋಗಿಬನ್ನಿ ಎನ್ನುತ್ತೇನೆ. ಹಳೆಯ ಚೀಟಿಗಳನ್ನೂ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು, ಎರಡೂ ಕೊಠಡಿಗಳಲ್ಲಿ ತೋರಿಸಿ.