ರಿಸೋರ್ಸ್ ಗವರ್ನರ್: ಮೆಮೊರಿ ಜಗಳಕ್ಕೆ ಒಳ್ಳೆ ಪಂಚಾಯ್ತಿ

ರಿಸೋರ್ಸ್ ಗವರ್ನರ್ ಅಂದರೆ ಒಂದೇ ಸರ್ವರ್‌ನ ಮೆಮೊರಿ, ಸಿಪಿಯುಗಳನ್ನು ಬೇರೆ ಬೇರೆ ಕೆಲಸಗಳಿಗೆ ಹಂಚಿಕೊಡುವ ಸೌಲಭ್ಯ. ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್ ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಇದು 2008ರ ಆವೃತ್ತಿಯಿಂದಲೇ ಇದೆ. ಒಂದೇ ಸರ್ವರ್ ಮೇಲೆ ಬಿಲ್ಲಿಂಗು, ರಿಪೋರ್ಟು ಎರಡನ್ನೂ ಓಡಿಸುವವರಿಗೆ ಇದರ ಅಗತ್ಯ ಬೇಗ ಗೊತ್ತಾಗುತ್ತದೆ. ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಮೆಮೊರಿ ವಿಚಾರಕ್ಕಾದರೆ ಧೈರ್ಯವಾಗಿ ತಗೊಳ್ಳಿ. ಸಿಪಿಯು ವಿಚಾರಕ್ಕೆ ಸ್ವಲ್ಪ ಯೋಚಿಸಿ.

ತಿಂಗಳ ಕೊನೆ ಬಂತೆಂದರೆ ನಮ್ಮಲ್ಲಿ 8645 ಎರರ್ ಶುರುವಾಗುತ್ತಿತ್ತು. ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ತನಗೆ ಬೇಕಾದ ಮೆಮೊರಿಗೆ ಕಾದು ಕಾದು ಟೈಮ್‌ಔಟ್ ಆಯಿತು ಎಂದರ್ಥ. ಆಗ ಎಲ್ಲರೂ ಕೇಳುವುದು ಒಂದೇ, "ರ‍್ಯಾಮ್ ಹಾಕ್ಸೋಣ್ವಾ?" ತಡೀರಿ. ಆ ಮೆಸೇಜಿನಲ್ಲೇ ರಿಸೋರ್ಸ್ ಪೂಲ್‌ನ (ಮೆಮೊರಿ, ಸಿಪಿಯುಗಳ ಒಂದು ಪಾಲು) ಹೆಸರಿರುತ್ತದೆ, ಮೊದಲು ಅದನ್ನು ಓದಿ. ನಮ್ಮದರಲ್ಲಿ 'ಡೀಫಾಲ್ಟ್' ಎಂದಿತ್ತು. ರಿಪೋರ್ಟಿಗೆಂದೇ ಬೇರೆ ಪೂಲ್ ಇದ್ದರೂ ಅವು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ! ರಿಪೋರ್ಟ್ ಸಾಫ್ಟ್‌ವೇರ್ ಕೊಟ್ಟ ಕಂಪನಿಯವರು ಒಂದು ಅಪ್‌ಡೇಟ್‌ನಲ್ಲಿ ಲಾಗಿನ್ ಹೆಸರು ಬದಲಿಸಿ ಸುಮ್ನೆ ಇದ್ದುಬಿಟ್ಟಿದ್ದರು. ಯಾವ ಸೆಷನ್ (ಲಾಗಿನ್ ಆದ ಸಂಪರ್ಕ) ಯಾವ ಗ್ರೂಪಿಗೆ, ಆ ಮೂಲಕ ಯಾವ ಪೂಲಿಗೆ ಹೋಗಬೇಕೆಂದು ತೀರ್ಮಾನಿಸುವುದು ನಾವು ಬರೆದ ಕ್ಲಾಸಿಫೈಯರ್ ಫಂಕ್ಷನ್. ಅದಕ್ಕೆ ಗುರುತು ಸಿಗದ ಸೆಷನ್ ಸದ್ದಿಲ್ಲದೆ ಡೀಫಾಲ್ಟ್ ಗ್ರೂಪಿಗೆ ಹೋಗುತ್ತದೆ. ಒಂದು ಎಚ್ಚರಿಕೆಯಾದರೂ ಬರಬಾರದಾ ಅಂತ ನನಗೆ ಈಗಲೂ ಅನಿಸುತ್ತದೆ.

ಇನ್ನೊಂದು ಸೆಟ್ಟಿಂಗ್ ನೋಡಲೇಬೇಕು. ಡೀಫಾಲ್ಟ್ ಆಗಿ ಒಂದು ಕ್ವೆರಿ ತನ್ನ ಪೂಲ್‌ನ ಮೆಮೊರಿಯಲ್ಲಿ ಶೇ. 25ರವರೆಗೆ ಕೇಳಬಹುದು. ಅಂಥ ನಾಲ್ಕೈದು ದೊಡ್ಡ ರಿಪೋರ್ಟ್ ಒಟ್ಟಿಗೆ ಬಂದರೆ ಉಳಿದವು ಕಾಯುತ್ತಾ ಕೂರುತ್ತವೆ. ರಿಪೋರ್ಟ್ ಗ್ರೂಪಿಗೆ ಅದನ್ನು 10ಕ್ಕೆ ಇಳಿಸಿದೆ. ಕೆಲವು ರಿಪೋರ್ಟುಗಳ ಸಾರ್ಟ್ ಮೆಮೊರಿ ಸಾಲದೆ ಟೆಂಪ್‌ಡಿಬಿಗೆ (ಡಿಸ್ಕ್ ಮೇಲಿನ ತಾತ್ಕಾಲಿಕ ಡೇಟಾಬೇಸ್) ಹೋಗಿ ನಿಧಾನವಾಯಿತು, ನಿಜ. ಎರರ್ ಮಾತ್ರ ನಿಂತಿತು.

ಸಿಪಿಯು ಕಥೆ ಬೇರೆ. 'ಮ್ಯಾಕ್ಸ್ ಸಿಪಿಯು' 30 ಎಂದು ಹಾಕಿದರೂ ಸರ್ವರ್ ಖಾಲಿಯಿದ್ದರೆ ಆ ಪೂಲ್ 30 ದಾಟುತ್ತದೆ. ಪೈಪೋಟಿ ಇದ್ದಾಗ ಮಾತ್ರ ಅದು ಮಿತಿ. ಗಟ್ಟಿ ಮಿತಿ ಬೇಕಾದರೆ 2012ರಲ್ಲಿ ಬಂದ 'ಕ್ಯಾಪ್ ಸಿಪಿಯು' ಇದೆ. ಕ್ವೆರಿಯ ಸಿಪಿಯು ಸಮಯಕ್ಕೆ ಮಿತಿ ಹಾಕಿದರೂ ಅದು ತಾನಾಗಿ ಸಾಯುವುದಿಲ್ಲ, ಬರೀ ಈವೆಂಟ್ ದಾಖಲಾಗುತ್ತದೆ. ನಿಲ್ಲಿಸಲೇಬೇಕೆಂದರೆ ಟ್ರೇಸ್ ಫ್ಲ್ಯಾಗ್ 2422 (ಸರ್ವರ್‌ನ ವರ್ತನೆ ಬದಲಿಸುವ ಸ್ವಿಚ್) ಹಾಕಬೇಕು. ಆಗ 10961 ಎರರ್ ಕೊಟ್ಟು ನಿಲ್ಲುತ್ತದೆ.

ಕ್ಲಾಸಿಫೈಯರ್ ಪ್ರತಿ ಲಾಗಿನ್‌ಗೂ ಓಡುತ್ತದೆ, ಹಾಗಾಗಿ ಅದರಲ್ಲಿ ಜಾಸ್ತಿ ಕೆಲಸ ತುಂಬಬೇಡಿ. ಅದು ಕೈಕೊಟ್ಟು ಲಾಗಿನ್‌ಗಳೇ ಟೈಮ್‌ಔಟ್ ಆದರೆ ಡಿಎಸಿ (ಅಡ್ಮಿನ್‌ಗೆಂದೇ ಮೀಸಲಾದ ತುರ್ತು ಸಂಪರ್ಕ) ಮೂಲಕ ಒಳಗೆ ಹೋಗಬಹುದು, ಅದಕ್ಕೆ ಕ್ಲಾಸಿಫೈಯರ್ ಅನ್ವಯಿಸುವುದಿಲ್ಲ. ರಿಮೋಟ್ ಡಿಎಸಿ ಮಾತ್ರ ಮೊದಲೇ ಆನ್ ಮಾಡಿಟ್ಟಿರಿ.

ಬೆಲೆ? ಪ್ರೊಡಕ್ಷನ್‌ಗೆ ಬೇಕೆಂದರೆ 2022ರ ಆವೃತ್ತಿಯವರೆಗೂ ಎಂಟರ್‌ಪ್ರೈಸ್ ಲೈಸೆನ್ಸೇ ಬೇಕಿತ್ತು. 2025ರಲ್ಲಿ ಸ್ಟ್ಯಾಂಡರ್ಡ್‌ಗೂ ಕೊಟ್ಟಿದ್ದಾರೆ. ಇದೊಂದಕ್ಕಾಗಿ ಎಂಟರ್‌ಪ್ರೈಸ್ ಕೊಳ್ಳುವ ಯೋಚನೆ ಇದ್ದರೆ ಬಿಡಿ, 2025ರ ಸ್ಟ್ಯಾಂಡರ್ಡ್ ನೋಡಿ.